ನೆಗಡ್ಯಾಗ ವಾಕಿಂಗ್ ಬಿಟ್ಟೆ, ರೊಟ್ಟಿ ಬಿಡಲಿಲ್ಲ

ಈ ಥಂಡಿ ದಿನದಾಗ ಓಣ್ಯಾಗ ಯಾರ ಮನಿಗಿ ಹೋದ್ರೂ ಸೀನೋ ಸಪ್ಪಳನೇ. ನಮ್ಮ ಮುಧೋಳ ತೆಲಂಗಾಣ ಗಡಿ ಹತ್ರ ಇದ್ದ ಊರು ನೋಡ್ರಿ, ನಾವು ನೆಗಡಿ ಅಂದ್ರ ಬಾಜು ಮನಿ ಅಕ್ಕ ಜಲುಬು ಅಂತಾಳ. ಹೆಸರು ಯಾವುದಾದ್ರೇನು, ಮೂಗು ಸೋರೋದು ಒಂದೇ. ಮೊನ್ನಿ ಆಕಿನೇ ಕೇಳಿದಳು, "ನೆಗಡಿ ಜರಾ ಕಡಿಮಿ ಆಗ್ಯಾದ, ನಾಳಿಂದ ನಿನ್ನ ಜೋಡಿ ವಾಕಿಂಗಿಗಿ ಬರಲೇನು?" ಅಂತ. ನಾ ಹೂಂ ಅನ್ನಲಿಲ್ಲ. "ಇವತ್ತು ಎಷ್ಟು ರೊಟ್ಟಿ ಬಡದಿ?" ಅಂತ ತಿರುಗಿ ಕೇಳಿದೆ. ಆಕಿ ನಕ್ಕಳು. ನಾ ನಗಸಲಾಕ ಕೇಳಿದ್ದಲ್ಲ. ಹ್ವಾದ ವರ್ಷ ನನಗ ಆದದ್ದು ನೆನಪಾಗಿ ಕೇಳಿದ್ದು.

ಸಕ್ಕರಿ ಅಂಚಿಗಿ ಬಂದದ, ದಿನಾ ನಡೀರಿ ಅಂತ ಡಾಕ್ಟರ್ ಹೇಳಿದ ಮ್ಯಾಲ ನಾವು ಮೂವರು ಹೆಣ್ಮಕ್ಕಳು ಮುಂಜಾನಿ ಸೇಡಂ ರಸ್ತಾದ ಕಡಿ ನಡೀಲಾಕ ಸುರು ಮಾಡಿದ್ದಿವಿ. ನಲವತ್ತು ನಿಮಿಷ. ಎರಡೂ ಕಡಿ ತೊಗರಿ ಹೊಲ, ಮಾತು, ನಗು. ಖರೇ ಹೇಳಬೇಕಂದ್ರ ಇಡೀ ದಿನದಾಗ ನಂದು ಅಂತ ಇರೋ ಹೊತ್ತು ಅದೊಂದೇ.

ಹ್ವಾದ ವರ್ಷ ಎಳ್ಳಮಾಸಿ ನಾಕು ದಿನ ಇರ್ತ ಮೂಗು ಸುರು ಆಯ್ತು. ಬರೇ ಮೂಗು, ಎರಡು ಸೀನು. ಎರಡು ದಿನ ಹಂಗೇ ನಡದೆ, ಏನೂ ಆಗಲಿಲ್ಲ. ಮೂರನೇ ದಿನ ಸಂಜಿಗಿ ಮೈ ಕೈ ಹಿಡಕೊಂಡವು, ಥರ್ಮಾಮೀಟರ್ ಇಟ್ಟರ 101 ತೋರಿಸ್ತು. ನಮ್ಮ ಮನಿಯವರು ಅಂದರು, "ನಾಳಿ ವಾಕಿಂಗ್ ಗೀಕಿಂಗ್ ಬಂದ್. ಆರಾಮ ತಗೋ." ನನಗ ಕಣ್ಣಾಗ ನೀರು ಬಂದವು, ಇಷ್ಟು ಕಾಳಜಿ ಮಾಡ್ತಾರಲ್ಲ ಅಂತ.

ಮರುದಿನ ಎಳ್ಳಮಾಸಿ. ನಿಮಗ ಬಿಡಿಸಿ ಹೇಳೋದು ಬ್ಯಾಡ. ಹೊಲಕ್ಕ ಚರಗ ಚೆಲ್ಲಲಾಕ ಹೋಗಬೇಕು, ಬೀಗರು ಬರ್ತಾರ. ಒಂದು ಗುಳಿಗಿ ನುಂಗಿ ಬೆಳಗಿನ ಜಾವ ನಾಕಕ್ಕ ಎದ್ದೆ. ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗಿ, ಅಂಬಲಿ. ಒಲಿ ಮುಂದ ಕೂತು ಎದ್ದು, ನಳದಿಂದ ಕೊಡ ಹೊತ್ತು, ಅಂಗಳದ ಫರ್ಸಿ ತೊಳದು, ಬುಟ್ಟಿ ಕಟ್ಟಿದೆ. ವಾಕಿಂಗಿಗಿ ಮಾತ್ರ ಹೋಗಲಿಲ್ಲ. ಯಾಕಂದ್ರ ಆರಾಮ ತಗೊಂಡಿದ್ದೆ!

ಹೊಲದಾಗ ಎಲ್ಲಾರಿಗಿ ಬಡಿಸಲಾಕ ನಿಂತಾಗ ಎದಿ ಡಬಡಬ ಬಡಕೊಳ್ಳಲಾಕತ್ತಿತು, ಕಣ್ಣು ಕತ್ತಲಿ ಬಂದವು. ಬನ್ನಿಗಿಡದ ಬುಡಕ ಕೂತುಬಿಟ್ಟೆ. ಆಮ್ಯಾಲ ಕೆಮ್ಮು ಎದಿಗಿ ಇಳೀತು. ಹದಿನೈದು ದಿನ ಆದ್ರೂ ಬಿಡಲಿಲ್ಲ, ಮಾಳಿಗಿ ಮೆಟ್ಟಲ ಹತ್ತಿದರ ಉಸಿರು ಸಾಲಲಿಲ್ಲ.

ದವಾಖಾನ್ಯಾಗ ಡಾಕ್ಟರಮ್ಮ ಎದಿ ನೋಡಿದರು, ಎಕ್ಸ್‌ರೇ ತಗಸಿದರು. ಎರಡು ವಾರ ದಾಟಿದ ಕೆಮ್ಮಿಗಿ ಕಫ ಪರೀಕ್ಷಿ ಮಾಡಸಲೇಬೇಕು ಅಂತ ಅದನೂ ಮಾಡಿಸಿದರು. ದೇವರ ದಯಾ, ಟಿಬಿ ಇದ್ದಿಲ್ಲ. ಎದ್ಯಾಗ ಸೋಂಕು ಆಗಿತ್ತು. "ಜ್ವರ ಇದ್ದಾಗ ಏನು ಮಾಡಿದ್ರಿ?" ಅಂದರು. "ಏನೂ ಇಲ್ರಿ, ವಾಕಿಂಗ್ ಬಿಟ್ಟು ಆರಾಮ ಇದ್ದೆ" ಅಂದೆ. ಜೋಡಿ ಬಂದಿದ್ದ ನಮ್ಮ ತಂಗಿ ಮಗಳು, ಆಕಿ ನರ್ಸ್ ಕೆಲಸ ಮಾಡ್ತಾಳ, ಬೆರಳು ಮಡಚಿ ಲೆಕ್ಕ ಹೇಳಿದಳು: ಇಷ್ಟು ರೊಟ್ಟಿ, ಇಷ್ಟು ಕೊಡ, ಇಷ್ಟು ತಾಸು ಒಲಿ ಹೊಗಿ. ಡಾಕ್ಟರಮ್ಮ ಪೆನ್ನು ಕೆಳಗ ಇಟ್ಟು ಕೇಳಿದರು, "ಮತ್ತ ಆರಾಮ ಯಾವಾಗ ತಗೊಂಡ್ರಿ?"

ಉತ್ತರ ಇದ್ದಿಲ್ಲ ನನ್ನ ಹತ್ರ.

ಅವತ್ತು ಅವರು ತಿಳಿಸಿ ಹೇಳಿದ್ದು ನಿಮಗೂ ಹೇಳ್ತೀನಿ. ನೆಗಡಿ ಕುತ್ತಿಗಿ ಮ್ಯಾಲೇ ಇದ್ದರ, ಅಂದ್ರ ಮೂಗು ಸೋರೋದು, ಸೀನು, ಗಂಟಲು ಜರಾ ಕೆರಕೆರ, ಆಗ ಹಗೂರ ನಡದರ ಏನೂ ಆಗಲ್ಲ. ಮಾತಾಡಕೋತ ನಡೀಲಾಕ ಬರಬೇಕು, ಮಾತು ಕಡದರ ಜೋರು ಆಯ್ತು ಅಂತ ತಿಳೀರಿ. ಕುತ್ತಿಗಿ ಕೆಳಗ ಇಳದರ, ಅಂದ್ರ ಎದಿ ಕೆಮ್ಮು, ದಮ್ಮು, ಮೈ ನೋವು, ಹೊಟ್ಟಿ ಕೆಟ್ಟದ್ದು, ಇಲ್ಲಾ ಜ್ವರ, ಆಗ ಬಿಡಬೇಕು. ಜ್ವರದಾಗ ಸುಮ್ಮ ಮಲಗಿದ್ದರೂ ಎದಿ ಜೋರು ಬಡಕೋತದ, ಅದರ ಮ್ಯಾಲ ದುಡಿಸಿದರ ಅದಕ್ಕ ಎರಡು ಪಟ್ಟು ಭಾರ. ಕೆಲವು ಸಲ ವೈರಸ್ಸು ಹೃದಯದ ಸ್ನಾಯುಕ್ಕೂ ಬಾವು ತರ್ತದಂತ. ಅಪರೂಪ, ಆದ್ರ ಅಂಥಾದರಾಗ ದಣದರ ಜೀವಕ್ಕೇ ಅಪಾಯ.

ನಮ್ಮ ಅತ್ತಿ ಅಂತಿದ್ದರು, "ಕೆಲಸಾ ಮಾಡು, ಬೆವರಾಗಿ ನೆಗಡಿ ಹೋಗ್ತದ" ಅಂತ. ನಾನೂ ನಂಬಿದ್ದೆ. ತಂಗಿ ಮಗಳು ಹೇಳಿದಳು, ಅಮೇರಿಕಾದ ಬಾಲ್ ಸ್ಟೇಟ್ ಯೂನಿವರ್ಸಿಟಿಯಾಗ 1990ರ ದಶಕದಾಗ ಕಾಲೇಜ್ ಹುಡುಗ ಹುಡುಗಿಯರಿಗಿ ಬೇಕಂತಲೇ ನೆಗಡಿ ವೈರಸ್ ಹತ್ತಿಸಿ, ಕೆಲವರಿಗಿ 40 ನಿಮಿಷದ ವ್ಯಾಯಾಮ ಮಾಡಿಸಿ, ಕೆಲವರಿಗಿ ಮಾಡಿಸದೇ ನೋಡಿದರಂತ. ಎರಡೂ ಗುಂಪಿನ ನೆಗಡಿ ಅಷ್ಟೇ ದಿನ, ಅಷ್ಟೇ ಜೋರು. ವ್ಯಾಯಾಮದಿಂದ ಹೆಚ್ಚೂ ಆಗಲಿಲ್ಲ, ಬೆವರಿನ ಜೋಡಿ ಹೋಗಲೂ ಇಲ್ಲ. ಆದ್ರ ಅವರು ಹರೇದ ಹುಡುಗರು, ನಾವು ಐವತ್ತು ದಾಟಿದವರು, ಇದು ನೆನಪಿರಲಿ.

ಗುಳಿಗಿ ಬಗ್ಗಿನೂ ಒಂದು ಮಾತು. ಪ್ಯಾರಾಸಿಟಮಾಲ್ ತಗೊಂಡರ ಜ್ವರದ ಅಂಕಿ ಇಳೀತದ, ರೋಗ ಹೋಗಿರಲ್ಲ. ಅವತ್ತು ನಾ ಮೋಸ ಹೋದದ್ದು ಅಲ್ಲೇ. ಗುಳಿಗಿ ಇಲ್ಲದೇ ಒಂದು ಪೂರಾ ದಿನ ಜ್ವರ ಬರಲಿಲ್ಲ ಅಂದ್ರ ಆಗ ಹೋಯ್ತು ಅನ್ನಬೇಕು. ಇನ್ನ ಮೂಗು ಕಟ್ಟಿದ್ದು ಬಿಡಸೋ ಕೆಲವು ಗುಳಿಗಿ ಬಿಪಿ ಏರಸ್ತಾವ, ಎದಿ ಬಡತ ಹೆಚ್ಚಸ್ತಾವ. ಬಿಪಿ ಇದ್ದವರು ಕೇಳದೇ ನುಂಗಬ್ಯಾಡ್ರಿ.

ಇಷ್ಟೆಲ್ಲಾ ಸರಿ. ಆದ್ರ ನನಗ ಚುಚ್ಚಿದ ಮಾತು ಬ್ಯಾರೆ. ಮನಿ ಮಂದಿಗಿ ವ್ಯಾಯಾಮ ಅಂದ್ರ ಬೂಟು ಹಾಕ್ಕೊಂಡು ಹೊರಗ ಹೋಗೋದು. ಕೊಡ ಹೊರೋದು, ಅರಬಿ ಒಗಿಯೋದು, ರೊಟ್ಟಿ ಬಡಿಯೋದು, ರಾಶಿ ದಿನದಾಗ ತೊಗರಿ ಧೂಳಿನಾಗ ನಿಲ್ಲೋದು ಲೆಕ್ಕಕ್ಕಿಲ್ಲ. ಮೈಗಿ ಆ ಫರಕ ಗೊತ್ತಿಲ್ರಿ. ಅವರಿಗಿ ಬೈದು ಏನು ಮಾಡಲಿ, ನಾನೇ ಲೆಕ್ಕಕ್ಕ ಹಿಡದಿದ್ದಿಲ್ಲ. ಜ್ವರ ಬಂದಾಗ ಮೊದ್ಲ ಬಿಟ್ಟದ್ದು ನನಗ ಖುಷಿ ಕೊಡೋ ನಲವತ್ತು ನಿಮಿಷ. ಉಳದ ಹದಿನಾಕು ತಾಸು ಹಂಗೇ ಇಟಗೊಂಡೆ.

ಈ ವರ್ಷ ಮತ್ತ ನೆಗಡಿ ಬಂತು, ಎರಡನೇ ದಿನಕ್ಕ ಜ್ವರನೂ ಬಂತು. ಈ ಸಲ ಬಾಯಿ ಬಿಟ್ಟು ಹೇಳಿದೆ, "ಆರಾಮ ಅಂದ್ರ ಒಲಿ ಮುಂದಿಂದೂ ಆರಾಮ." ಮನಿಯವರು ಮಾರಿ ಸಣ್ಣ ಮಾಡಿದರು, ಖರೇ. ಆದ್ರೂ ರೊಟ್ಟಿ ಮಾರೋ ಅಕ್ಕನ ಕಡಿಂದ ಹತ್ತು ರೊಟ್ಟಿ ತಂದರು, ಬ್ಯಾಳಿ ಕುಕ್ಕರಿಗಿ ಇಟ್ಟರು. ಉಪ್ಪು ಹಾಕೋದು ಮರತಿದ್ದರು. ಸುಮ್ಮ ಉಂಡೆ. ಎರಡು ದಿನ ಶುಂಠಿ, ಮೆಣಸಿನ ಕಷಾಯ ಕುಡದು ಮಲಗಿದೆ. ಕಷಾಯದಿಂದ ನೆಗಡಿ ಹೋಗಲ್ಲ, ಗಂಟಲಿಗಿ ಹಿತ ಅನಸ್ತದ ಅಷ್ಟೇ.

ಜ್ವರ ಹೋಗಿ ಒಂದು ದಿನ ಬಿಟ್ಟು ನಡೀಲಾಕ ಹೋದೆ. ಹತ್ತೇ ನಿಮಿಷ, ಅದೂ ಬಿಸಲು ಬಂದ ಮ್ಯಾಲ, ಮೂಗಿಗಿ ಸೆರಗು ಕಟಗೊಂಡು. ಮರುದಿನ ಹದಿನೈದು, ಆಮ್ಯಾಲ ಇಪ್ಪತ್ತು. ವಾರಕ್ಕ ಹಳೇ ಲೆಕ್ಕಕ್ಕ ಬಂದೆ. ಕೊಡ ಹೊರೋದು ಮಾತ್ರ ಎಲ್ಲಾಕ್ಕಿಂತ ಕಡೀಕ ಸುರು ಮಾಡಿದೆ.

ಬಾಜು ಮನಿ ಅಕ್ಕಗ ಇದೆಲ್ಲಾ ಹೇಳಿದೆ. ಆಕಿ ಜರಾ ಹೊತ್ತು ಸುಮ್ಮ ಕೂತು, "ಜ್ವರ ಇಲ್ಲ, ಎದಿ ಹಗೂರ ಅದ. ಇವತ್ತು ಇಪ್ಪತ್ತೈದು ರೊಟ್ಟಿ ಬಡದೀನಿ" ಅಂದಳು. "ನಾಳಿ ಹತ್ತು ನಿಮಿಷ ಬಾ, ರೊಟ್ಟಿ ನಿನ್ನ ಸೊಸಿ ಬಡೀಲಿ" ಅಂದೆ. ಬರ್ತೀನಿ ಅಂದಾಳ. ರೊಟ್ಟಿ ಮಾತಿಗಿ ಮಾತ್ರ ಇನ್ನಾ ಹೂಂ ಅಂದಿಲ್ಲ.