ಚಪ್ಪಟೆ ತಂತಿ

ಮನುಷ್ಯನಿಗೆ ಆಯ್ಕೆಯ ಸ್ವಾತಂತ್ರ್ಯ ಇದೆಯೋ ಇಲ್ಲವೋ ಎಂದು ತತ್ತ್ವಶಾಸ್ತ್ರದ ಮೇಷ್ಟ್ರು ಒಂದು ವರ್ಷ ಪಾಠ ಮಾಡಿದರೂ ನನಗೆ ಬಗೆಹರಿಯಲಿಲ್ಲ. ಎಲೆಕ್ಟ್ರಿಕ್ ಗಿಟಾರಿಗೆ ತಂತಿ ಆರಿಸಲು ಕೂತಾಗ ಸ್ವಲ್ಪ ಬಗೆಹರಿಯಿತು. ಸ್ವಾತಂತ್ರ್ಯ ಇದೆ; ಆದರೆ ಪಕ್ಕದ ಹಾಸಿಗೆಯಲ್ಲಿ ಯಾರು ಮಲಗಿದ್ದಾರೆ ಎಂಬುದನ್ನು ನೋಡಿಕೊಂಡು ಅದು ಬರುತ್ತದೆ.

ನಾನೀಗ ಇರುವುದು ಕುರಕುಂಭದಲ್ಲಿ. ಪುಣೆಯಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ, ದೌಂಡ್ ಜಂಕ್ಷನ್ನಿಗೆ ಹತ್ತಿರ, ರಾಸಾಯನಿಕ ಕಾರ್ಖಾನೆಗಳ ಊರು. ಒಂದೇ ಖೋಲಿಯಲ್ಲಿ ನಾವು ಮೂವರು, ಮೂರು ಪಾಳಿ. ವಿಜಯಪುರದ ಕಡೆಯ ಅಣ್ಣ ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಮಲಗುವ ಹೊತ್ತಿಗೆ ನನಗೆ ಬಿಡುವು. ಎಲೆಕ್ಟ್ರಿಕ್ ಗಿಟಾರನ್ನು ಆಂಪ್ಲಿಫಯರಿಗೆ ಜೋಡಿಸದಿದ್ದರೆ ಸದ್ದೇ ಇಲ್ಲ ಎಂಬ ಧೈರ್ಯ ನನ್ನದು. ಒಂದು ದಿನ ಅಣ್ಣ ಚಾದರದ ಒಳಗಿನಿಂದಲೇ ಅಂದ: "ತಮ್ಮಾ, ಹಾಡು ಕೇಳಸವಲ್ದು. ಇಲಿ ಕೆರದಂಗ ಕಿರ್ ಕಿರ್ ಅಷ್ಟ ಕೇಳಸ್ತೈತಿ ನೋಡು."

ಇದು ನಗುವ ಮಾತಲ್ಲ. ಅವನು ರಾತ್ರಿಯೆಲ್ಲ ದ್ರಾವಕದ ಟಾಕಿಗಳ ನಡುವೆ ನಿಂತು ವಾಲ್ವ್ ತಿರುಗಿಸುವವನು. ಅಲ್ಲಿ ತೂಕಡಿಕೆ ಬಂದರೆ ಹೋಗುವುದು ಬರೀ ಅವನ ಸಂಬಳವಲ್ಲ.

ಕಿರ್ ಎಲ್ಲಿಂದ ಬರುತ್ತದೆ? ಗಿಟಾರಿನ ದಪ್ಪ ತಂತಿಗಳಲ್ಲಿ ನಡುವೆ ಉಕ್ಕಿನ ಎಳೆ, ಅದರ ಸುತ್ತ ದುಂಡು ತಂತಿಯ ಸುತ್ತು. ಸುತ್ತಿಗೂ ಸುತ್ತಿಗೂ ನಡುವೆ ಸಣ್ಣ ತಗ್ಗು. ಬೆರಳು ಜಾರುವಾಗ ಆ ಏರುತಗ್ಗಿಗೆ ಉಜ್ಜಿ ಕಿರುಗುಟ್ಟುತ್ತದೆ. ಫ್ಲಾಟ್‌ವೌಂಡ್ ಎನ್ನುವ ತಂತಿಯಲ್ಲಿ ದುಂಡು ತಂತಿಯ ಬದಲು ರಿಬ್ಬನ್ನಿನಂಥ ಚಪ್ಪಟೆ ಪಟ್ಟಿ ಸುತ್ತಿರುತ್ತಾರೆ. ಮೈ ನುಣುಪು, ಬೆರಳು ಮೌನವಾಗಿ ಜಾರುತ್ತದೆ. ನಮ್ಮ ಪಿಟೀಲಿನ ಸುತ್ತುತಂತಿಗಳೂ ಹೆಚ್ಚಾಗಿ ಹೀಗೆಯೇ. ಕಾರ್ಖಾನೆಯವರಿಗೆ ಇದು ಹೊಸತಲ್ಲ: ರಿಯಾಕ್ಟರಿನ ಒಳಮೈಯಲ್ಲಿ ಗೀರು ಬಿದ್ದಲ್ಲಿ ಮಾಲು ಕೂರುತ್ತದೆ. ದುಂಡು ಸುತ್ತಿನ ತಗ್ಗಿನಲ್ಲೂ ಬೆವರು, ಕೊಳೆ ಕೂತು ತಂತಿ ಬೇಗ ಮಂಕಾಗುತ್ತದೆ. ಚಪ್ಪಟೆಯದು ಬೆಲೆಯಲ್ಲಿ ದುಬಾರಿ, ಬಾಳಿಕೆಯಲ್ಲಿ ಉದ್ದ.

ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಹಾಕಬಾರದು? ಇಲ್ಲೇ ಇರುವುದು ಕುತ್ತು. ಚಪ್ಪಟೆ ತಂತಿಗೆ ಮಿಂಚು ಕಡಿಮೆ. ದನಿ ದುಂಡಗೆ, ತುಸು ಮಬ್ಬು. ರಾಕ್ ಸಂಗೀತದ ಝಣಝಣ ಅದರಿಂದ ಹೊರಡದು. ಸಾಮಾನ್ಯ ಸೆಟ್ಟಿನಲ್ಲಿ ಮೂರನೆಯ ತಂತಿ ಸುತ್ತಿಲ್ಲದ ಬರಿ ಉಕ್ಕು. ಅದನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಸ್ವರ ಏರಿಸಬಹುದು. ಚಪ್ಪಟೆ ಸೆಟ್ಟಿನಲ್ಲಿ ಸಾಧಾರಣವಾಗಿ ಅದಕ್ಕೂ ಸುತ್ತು. ಬೆರಳು ನೋಯುತ್ತದೆ, ಸ್ವರ ಏರುವುದಿಲ್ಲ. ಎಳೆತವೂ ಹೆಚ್ಚಾದ್ದರಿಂದ ಗಿಟಾರಿನ ಕುತ್ತಿಗೆ ಬಾಗದಂತೆ ಒಳಗಿನ ಸರಳನ್ನು ಸ್ವಲ್ಪ ಬಿಗಿಯಬೇಕಾಗಬಹುದು.

ಎಂದರೆ ಪ್ರಶ್ನೆ ತಂತಿಯದಲ್ಲ, ಗಮಕದ್ದು. ವೀಣೆ, ಸಿತಾರಿನವರಂತೆ ಎಳೆದು ನುಡಿಸುತ್ತೀಯೋ, ಪಿಟೀಲಿನವರಂತೆ ಜಾರಿ ನುಡಿಸುತ್ತೀಯೋ? ನನ್ನ ಬೆರಳುಗಳಿಗೆ ಸಿನಿಮಾ ಹಾಡುಗಳಿಂದ ಎಳೆಯುವ ಚಟ ಹತ್ತಿತ್ತು. ಅದನ್ನು ಬಿಡುವುದೆಂದರೆ ಎರಡು ವರ್ಷದ ಕಲಿಕೆಯಲ್ಲಿ ಅರ್ಧವನ್ನು ಬಿಟ್ಟಂತೆ.

ಆಗ ನೆನಪಾದವನು ಅಮೆರಿಕದ ಇಂಡಿಯಾನಾಪೊಲಿಸ್ಸಿನ ವೆಸ್ ಮಾಂಟ್ಗೊಮೆರಿ (೧೯೨೩–೧೯೬೮). ಹಗಲು ಕಾರ್ಖಾನೆ, ರಾತ್ರಿ ಕ್ಲಬ್ಬುಗಳಲ್ಲಿ ಜಾಝ್ ಗಿಟಾರು. ನೆರೆಹೊರೆಯವರಿಗೆ ಕಾಟವಾಗಬಾರದೆಂದು ಪಿಕ್ ಬಿಟ್ಟು ಹೆಬ್ಬೆರಳಿನಿಂದ ಮೀಟತೊಡಗಿದನಂತೆ. ಅವನು ಹಾಕುತ್ತಿದ್ದುದು ದಪ್ಪನೆಯ ಚಪ್ಪಟೆ ತಂತಿ. ನೆರೆಯವರ ನಿದ್ದೆಗೆ ಹೆದರಿದ ಹೆಬ್ಬೆರಳೇ ಕೊನೆಗೆ ಅವನ ಗುರುತಾಯಿತು. ೧೯೬೦ರಲ್ಲಿ ಬಂದ ಅವನ ರೆಕಾರ್ಡು ಕೇಳಿ. ಆ ದನಿಯಲ್ಲಿ ಇಕ್ಕಟ್ಟಿನ ಸುಳಿವೇ ಇಲ್ಲ.

ಪುಣೆಗೆ ಹೋಗಿ ಚಪ್ಪಟೆಯದನ್ನೇ ತಂದೆ. ಹನ್ನೊಂದರ ಸೆಟ್ಟು. ಎಂದರೆ ಅತಿ ಸಣ್ಣ ತಂತಿ ಒಂದು ಇಂಚಿನ ಸಾವಿರದಲ್ಲಿ ಹನ್ನೊಂದು ಪಾಲು ದಪ್ಪ. ಮೊದಲ ವಾರ ಗಿಟಾರು ನೆಗಡಿಯಾದವನ ಹಾಗೆ ಹಾಡಿತು. ಆಮೇಲೆ ಎಳೆಯಲಾಗದ ಬೆರಳು ಜಾರುವುದನ್ನು ಕಲಿಯಿತು. ಮೋಹನದ ಗಾಂಧಾರದಿಂದ ಪಂಚಮಕ್ಕೆ ಒಂದೇ ಜಾರು, ನಡುವೆ ಎಲ್ಲೂ ಕಿರ್ ಇಲ್ಲ. ಎಳೆಯುವ ಹಾಡುಗಳು ಹೋದವು. ಅವು ಬೇಕೆನಿಸುವ ದಿನ ಈಗಲೂ ಬರುತ್ತದೆ.

ಯಾವ ತಂತಿ ಒಳ್ಳೆಯದು ಎಂದು ಅಂಗಡಿಯವನನ್ನು ಕೇಳಬೇಡಿ, ಎಲ್ಲವೂ ಒಳ್ಳೆಯದೇ ಅನ್ನುತ್ತಾನೆ. ಏನನ್ನು ಬಿಟ್ಟರೆ ನಿಮಗೆ ನಡೆಯುತ್ತದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮೊನ್ನೆ ಅಣ್ಣ ಎದ್ದು ಚಹಾ ಕುಡಿಯುತ್ತ ಕೇಳಿದ: "ಯಾಕೋ ತಮ್ಮಾ, ಬಾರಿಸೋದು ಬಿಟ್ಟಿ ಏನು?" ನಾನು ಎರಡು ತಾಸು ಬಾರಿಸಿ ಆಗಷ್ಟೇ ಗಿಟಾರು ಕೆಳಗಿಟ್ಟಿದ್ದೆ.