ಅರಸನ ಕೋಟೆಯಲ್ಲಿ ಯೆಹೂದಿಗಳು: ಯಾರ್ಕ್, 1190

ಯೆಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರಿನ ಹಿಂದಿನ ಸಂಜೆ ಹಲವು ಪ್ರಾರ್ಥನಾಮಂದಿರಗಳಲ್ಲಿ ಇಂದಿಗೂ ಒಂದು ಹೀಬ್ರೂ ಸ್ತೋತ್ರವನ್ನು ಹಾಡುತ್ತಾರೆ. ಮನುಷ್ಯನ ದೌರ್ಬಲ್ಯವನ್ನು ಒಪ್ಪಿಕೊಂಡು ಕ್ಷಮೆ ಬೇಡುವ ಈ ಪದ್ಯದ ಕರ್ತೃ ಜ್ವಾನ್ಯಿಯ ಯೋಮ್ ತೋವ್ ಎಂದು ಪರಂಪರೆ ಹೇಳುತ್ತದೆ. ಫ್ರಾನ್ಸಿನಿಂದ ಇಂಗ್ಲೆಂಡಿಗೆ ಬಂದು ನೆಲೆಸಿದ್ದ ಈ ವಿದ್ವಾಂಸ ಮಡಿದದ್ದು 1190ರ ಮಾರ್ಚ್ ತಿಂಗಳಲ್ಲಿ, ಯಾರ್ಕ್ ನಗರದ ರಾಜಕೋಟೆಯೊಳಗೆ.

ಅದು ರಾಜಕೋಟೆ ಎಂಬುದನ್ನು ಗಮನಿಸಬೇಕು. ಆಗಿನ ಇಂಗ್ಲೆಂಡಿನಲ್ಲಿ ಯೆಹೂದಿಗಳೂ ಅವರ ಸ್ವತ್ತೂ ನೇರವಾಗಿ ಅರಸನ ಅಧೀನ. ಅರಸ ಅವರನ್ನು ಕಾಯಬೇಕು. ಬೇಕಾದಾಗ ಅವರಿಂದ ಹಣವನ್ನೂ ಎತ್ತಬಹುದು. 1189ರ ಸೆಪ್ಟೆಂಬರ್ 3ರಂದು, ಒಂದನೆಯ ರಿಚರ್ಡನ ಪಟ್ಟಾಭಿಷೇಕದ ದಿನವೇ, ಲಂಡನ್ನಿನಲ್ಲಿ ಯೆಹೂದಿಗಳ ಕೊಲೆ, ಸುಲಿಗೆಗಳು ನಡೆದವು. ಯೆಹೂದಿಗಳನ್ನು ಯಾರೂ ಮುಟ್ಟಕೂಡದೆಂದು ರಿಚರ್ಡ್ ಆಜ್ಞೆ ಹೊರಡಿಸಿದ. ಅನಂತರ ಧರ್ಮಯುದ್ಧಕ್ಕೆಂದು ಸಮುದ್ರ ದಾಟಿದ. ಆಜ್ಞೆಯೇನೋ ಉಳಿಯಿತು, ಅದನ್ನು ನಡೆಸಬೇಕಾದವನು ದೇಶದಲ್ಲಿರಲಿಲ್ಲ.

ಯಾರ್ಕಿನಲ್ಲಿ ದೊಂಬಿ ಎದ್ದಾಗ ಅಲ್ಲಿನ ಯೆಹೂದಿಗಳು, ಸುಮಾರು ನೂರೈವತ್ತು ಮಂದಿ, ಹಿರಿಯನಾದ ಜೋಸ್‌ನ ಮುಂದಾಳತ್ವದಲ್ಲಿ ಕೋಟೆಯನ್ನು ಹೊಕ್ಕರು. ಕೋಟೆಯ ಅಧಿಕಾರಿಯೇ ಅವರನ್ನು ಒಳಗೆ ಬಿಟ್ಟ. ಆತ ಯಾವುದೋ ಕೆಲಸಕ್ಕೆ ಹೊರಗೆ ಹೋಗಿ ಮರಳಿದಾಗ ಒಳಗಿದ್ದವರು ಬಾಗಿಲು ತೆಗೆಯಲಿಲ್ಲ. ತಮ್ಮನ್ನು ದೊಂಬಿಗೆ ಒಪ್ಪಿಸುವ ಮಾತು ಮುಗಿಸಿ ಬಂದಿರಬಹುದೆಂಬ ಶಂಕೆ ಅವರದು. ಆ ಶಂಕೆಗೆ ಆಧಾರವಿತ್ತೋ ಇಲ್ಲವೋ, ಅಧಿಕಾರಿ ಶೆರೀಫನಿಗೆ ದೂರು ಕೊಟ್ಟ. ಅರಸನ ಕೋಟೆಯನ್ನು ಮರಳಿ ಹಿಡಿಯಿರೆಂದು ಶೆರೀಫ್ ಅಪ್ಪಣೆ ಮಾಡಿದ. ಆಮೇಲೆ ಪಶ್ಚಾತ್ತಾಪದಿಂದ ಆ ಮಾತನ್ನು ಹಿಂತೆಗೆದುಕೊಳ್ಳಲು ನೋಡಿದನೆಂದು ಚರಿತ್ರಕಾರ ನ್ಯೂಬರ್ಗಿನ ವಿಲಿಯಂ ಬರೆಯುತ್ತಾನೆ. ಅಷ್ಟರಲ್ಲಿ ದೊಂಬಿಯ ಕೈಗೆ ಸರಕಾರದ ಅಧಿಕಾರ ಸಿಕ್ಕಿಯಾಗಿತ್ತು. ಯಾರ್ಕಿನಲ್ಲಿ ರಾಜ್ಯಾಧಿಕಾರ ಇರಲೇ ಇಲ್ಲವೆನ್ನುವಂತಿಲ್ಲ. ಮುತ್ತಿಗೆ ಆರಂಭವಾದದ್ದೇ ಅದರ ಮಾತಿನಿಂದ.

ಮಾರ್ಚ್ 16ರ ರಾತ್ರಿ ಯೋಮ್ ತೋವ್‌ನ ಮಾತಿನಂತೆ ಹೆಚ್ಚಿನವರು ತಮ್ಮವರ ಕೈಯಿಂದಲೇ ಸಾವನ್ನು ಪಡೆದರು. ಮತಾಂತರವಾದರೆ ಪ್ರಾಣ ಉಳಿಯುವುದೆಂಬ ಭಾಷೆಯನ್ನು ನಂಬಿ ಬೆಳಗ್ಗೆ ಹೊರಬಂದವರನ್ನು ಬಾಗಿಲಲ್ಲೇ ಕೊಂದರು. ಕೊಂದವರು ನೇರವಾಗಿ ನಡೆದದ್ದು ನಗರದ ಮಹಾಚರ್ಚಿಗೆ. ಅಲ್ಲಿ ಇರಿಸಲಾಗಿದ್ದ ಸಾಲಪತ್ರಗಳನ್ನು ಹೊರಗೆಳೆದು ಸುಟ್ಟರು. ಮುಂದಾಳುಗಳಲ್ಲೊಬ್ಬನಾದ ರಿಚರ್ಡ್ ಮಾಲ್‌ಬಿಸ್ ಯೆಹೂದಿಗಳಿಗೆ ಸಾಲಗಾರ. ಮತದ್ವೇಷದ ಕೂಗಿನ ಹಿಂದೆ ಈ ಲೆಕ್ಕವೂ ಇತ್ತು.

ಚಾನ್ಸಲರ್ ಲಾಂಗ್‌ಷಾಂಪ್ ಸೇನೆಯೊಡನೆ ಬಂದು ಶೆರೀಫನನ್ನೂ ಕೋಟೆಯ ಅಧಿಕಾರಿಯನ್ನೂ ಪದಚ್ಯುತಗೊಳಿಸಿ, ನಾಗರಿಕರಿಗೆ ದಂಡ ವಿಧಿಸಿದ. ಕೊಲೆಗಾಗಿ ಯಾರಿಗೂ ಮರಣದಂಡನೆಯಾಗಲಿಲ್ಲ. ಮಾಲ್‌ಬಿಸ್ ಮುಂದೆ ಹಣ ತೆತ್ತು ತನ್ನ ಜಮೀನನ್ನು ಬಿಡಿಸಿಕೊಂಡ. ಆದರೆ 1194ರಲ್ಲಿ ಬಂದ ಕಟ್ಟಳೆ ಮಾತ್ರ ಬಿಗಿಯಾಗಿತ್ತು: ಯೆಹೂದಿಗಳು ಕೊಡುವ ಪ್ರತಿ ಸಾಲದ ಪತ್ರಕ್ಕೂ ಎರಡು ಪ್ರತಿ ಇರಬೇಕು, ಒಂದನ್ನು ಗೊತ್ತಾದ ಪಟ್ಟಣಗಳಲ್ಲಿ, ಮೂರು ಬೀಗದ ಪೆಟ್ಟಿಗೆಯೊಳಗೆ ಇಡಬೇಕು. ಇನ್ನು ಸಾಲಗಾರನನ್ನು ಕೊಂದರೂ, ಅಂದರೆ ಸಾಲ ಕೊಟ್ಟವನನ್ನು ಕೊಂದರೂ, ಅರಸನ ಲೆಕ್ಕ ತಪ್ಪುವಂತಿರಲಿಲ್ಲ.

1290ರಲ್ಲಿ ಒಂದನೆಯ ಎಡ್ವರ್ಡ್ ಯೆಹೂದಿಗಳೆಲ್ಲರನ್ನೂ ಇಂಗ್ಲೆಂಡಿನಿಂದ ಹೊರಗಟ್ಟಿದ. ಪೆಟ್ಟಿಗೆಗಳನ್ನು ವೆಸ್ಟ್‌ಮಿನ್‌ಸ್ಟರಿಗೆ ತರಿಸಿಕೊಂಡು, ಬರಬೇಕಾದ ಸಾಲಗಳ ಪಟ್ಟಿ ಮಾಡಿಸಿದ.