ಕೊಚ್ ಎಂಬ ಹಳ್ಳಿ, ಕೊಚಿ ಎಂಬ ಮಾತು

ಹಂಗೆರಿಯ ರಾಜಧಾನಿಯಾದ ಬುಡಾಪೆಸ್ಟಿನಲ್ಲಿ ‘ಕೆಲೆತಿ’ ಎಂಬ ಭವ್ಯವಾದ ರೈಲು ನಿಲ್ದಾಣವಿದೆ. ಕೆಲೆತಿ ಎಂದರೆ ‘ಪೂರ್ವದ್ದು’ ಎಂದರ್ಥ. 1884ರಲ್ಲಿ ತೆರೆದ ಈ ನಿಲ್ದಾಣದ ಹೆಸರು ಪೂರ್ವದ್ದಾದರೂ ಪಶ್ಚಿಮದ ವಿಯೆನ್ನಾ ನಗರಕ್ಕೆ ಗಾಡಿಗಳು ಹೊರಡುವುದು ಇಲ್ಲಿಂದಲೇ. ಆ ನಾಡಿನ ಭಾಷೆಯ ಗಂಧವೂ ಇಲ್ಲದ ಪ್ರಯಾಣಿಕನು ತನ್ನ ಟಿಕೆಟನ್ನು ಬಿಡಿಸಿ ನೋಡಿದರೆ ‘ಕೊಚಿ’ ಎಂಬ ಮಾತು ಕಣ್ಣಿಗೆ ಬೀಳುತ್ತದೆ. ರೈಲಿನ ಡಬ್ಬಿ ಎಂದು ಅದರ ಅರ್ಥ. ಕೇರಳದ ಕೊಚ್ಚಿ ಬಂದರಿಗೂ ಇದಕ್ಕೂ ಯಾವ ನಂಟೂ ಇಲ್ಲ. ಆದರೆ ಕನ್ನಡನಾಡಿನ ರೈಲು ನಿಲ್ದಾಣಗಳಲ್ಲಿ ದಿನವೂ ಕೇಳಿಬರುವ ‘ಕೋಚು’ ಎಂಬ ಮಾತಿಗೆ ಇದು ಮೂಲಪುರುಷನೇ ಸರಿ.

ಹಂಗೆರಿಯವರ ನಿತ್ಯಜೀವನದಲ್ಲಿ ಕೊಚಿ ಸಲ್ಲದ ಕಡೆಯಿಲ್ಲ. ಕುದುರೆ ಹೂಡಿದ ಬಂಡಿಯೂ ಕೊಚಿ. ಬೀದಿಯಲ್ಲಿ ಓಡುವ ಮೋಟಾರುಕಾರೂ ಕೊಚಿ. ಕೂಸನ್ನು ಮಲಗಿಸಿ ತಳ್ಳುವ ಗಾಡಿ ‘ಬಬಕೊಚಿ’. ರೈಲಿನಲ್ಲಿ ಮಲಗುವ ಡಬ್ಬಿ ‘ಹಾಲೋಕೊಚಿ’. ಬಂಡಿ ಹೊಡೆಯುವವನು ‘ಕೊಚಿಶ್’. ಈ ಕಸುಬಿನ ಹೆಸರು ಅನೇಕ ಕುಟುಂಬಗಳ ಮನೆತನದ ಹೆಸರಾಗಿಯೂ ನಿಂತಿದೆ. 1954ರ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳಲ್ಲಿ 11 ಗೋಲುಗಳನ್ನು ಹೊಡೆದು ಎಲ್ಲರಿಗಿಂತ ಮುಂದಾದ ಶಾಂದೋರ್ ಕೊಚಿಶ್ ಎಂಬ ಆಟಗಾರನ ಹೆಸರಿನಲ್ಲಿರುವುದೂ ಈ ಬಂಡಿಯವನೇ. ಆದರೆ ಹೆಂಡದಂಗಡಿಗೆ ಅವರು ಹೇಳುವ ‘ಕೊಚ್ಮ’ ಎಂಬ ಮಾತು ಈ ಬಳಗದ್ದಲ್ಲ. ಅದು ಸ್ಲಾವ್ ಭಾಷೆಗಳಿಂದ ಬಂದು ಸೇರಿದ್ದು. ಧ್ವನಿಯ ಹೋಲಿಕೆಯನ್ನು ನಂಬಿ ನೆಂಟಸ್ತನ ಹೂಡುವವರು ಇಂಥಲ್ಲಿ ಮೋಸಹೋಗುತ್ತಾರೆ.

ಕೊಚಿಯ ತವರು ಒಂದು ಹಳ್ಳಿ. ಬುಡಾಪೆಸ್ಟಿನ ಪಶ್ಚಿಮಕ್ಕೆ, ಕೆರೆ ಕೋಟೆಗಳಿಗೆ ಹೆಸರಾದ ತತಾ ಪಟ್ಟಣದ ಸಮೀಪದಲ್ಲಿ, ‘ಕೊಚ್’ ಎಂಬ ಆ ಊರು ಇಂದಿಗೂ ಇದೆ. ಊರಿನ ಹೆಸರಿಗೆ ಇಕಾರ ಸೇರಿಸಿದರೆ ‘ಆ ಊರಿನದು’ ಎಂಬ ಅರ್ಥ ಬರುವುದು ಆ ಭಾಷೆಯ ನಿಯಮ. ಮಾತ್ಯಾಷ್ ದೊರೆಯು (1458–1490) ಆಳುತ್ತಿದ್ದ ಶತಮಾನದಲ್ಲಿ, ಬುಡಾದಿಂದ ವಿಯೆನ್ನಾಕ್ಕೆ ಹೋಗುವ ರಾಜಮಾರ್ಗದ ಮೇಲಿದ್ದ ಈ ಊರಿನ ಬಡಗಿಗಳು ಹಗುರವಾದ, ವೇಗವಾಗಿ ಸಾಗುವ ಬಂಡಿಗಳನ್ನು ಕಟ್ಟುತ್ತಿದ್ದರು. ಜನರು ಅವನ್ನು ‘ಕೊಚಿ ಸೆಕೇರ್’, ಅಂದರೆ ಕೊಚ್ ಊರಿನ ಬಂಡಿ, ಎಂದರು. ಕ್ರಮೇಣ ‘ಬಂಡಿ’ ಬಿಟ್ಟುಹೋಗಿ ಊರಿನ ಹೆಸರೇ ಬಂಡಿಯಾಯಿತು.

ಅದರ ಸುಖ ಎಷ್ಟು ರುಚಿಸಿತೆಂದರೆ, ಯುದ್ಧಕ್ಕೆ ಬರುವ ಶ್ರೀಮಂತರೂ ಕುದುರೆಯ ಬೆನ್ನು ಬಿಟ್ಟು ಕೊಚಿಯಲ್ಲಿ ಕುಳಿತು ಬರತೊಡಗಿದರು. ಹಾಗೆ ಬರಕೂಡದೆಂದು 1523ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ಮೂರೇ ವರ್ಷಗಳಲ್ಲಿ, 1526ರ ಮೊಹಾಚ್ ಕಾಳಗದಲ್ಲಿ, ಹಂಗೆರಿಯ ಸೈನ್ಯವು ತುರ್ಕರ ಮುಂದೆ ನುಚ್ಚುನೂರಾಯಿತು, ದೊರೆಯೂ ಮಡಿದನು. 1541ರಲ್ಲಿ ಬುಡಾ ನಗರವೇ ತುರ್ಕರ ಕೈಸೇರಿತು. ವಿಯೆನ್ನಾದ ರಾಜಮಾರ್ಗವು ಎರಡು ಸಾಮ್ರಾಜ್ಯಗಳ ನಡುವಣ ಗಡಿಯಿಂದ ತುಂಡಾಯಿತು.

ರಾಜ್ಯ ಹೋಯಿತು, ಮಾತು ಮಾತ್ರ ಪಯಣವನ್ನು ನಿಲ್ಲಿಸಲಿಲ್ಲ. ಜರ್ಮನರಲ್ಲಿ ಅದು ‘ಕುಟ್ಶೆ’ ಆಯಿತು, ಫ್ರೆಂಚರಲ್ಲಿ ‘ಕೋಶ್’, ಸ್ಪೇನಿನವರಲ್ಲಿ ‘ಕೋಚೆ’, ಇಂಗ್ಲಿಷರಲ್ಲಿ ‘ಕೋಚ್’. 19ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆಯೆಂಬ ದಾರಿಯನ್ನು ದಾಟಿಸುವ ಖಾಸಗಿ ಉಪಾಧ್ಯಾಯನಿಗೂ ವಿನೋದದಿಂದ ಅದೇ ಹೆಸರನ್ನಿಟ್ಟರು. ಮುಂದೆ ಆಟ ಕಲಿಸುವವನಿಗೂ ಅದು ಅಂಟಿತು. ಇಂಗ್ಲಿಷಿನ ಮೂಲಕ ಕನ್ನಡಕ್ಕೂ ಬಂದಿತು. ಬೆಂಗಳೂರಿನ ಬಾಲಕನು ಬೆಳಗಾಗೆದ್ದು ‘ಕೋಚಿಂಗ್ ತರಗತಿ’ಗೆ ಓಡುವಾಗ, ಕಾಣದ ಹಳ್ಳಿಯೊಂದರ ಹೆಸರು ಅವನ ನಾಲಗೆಯ ಮೇಲಿರುತ್ತದೆ.

ಹಂಗೆರಿಯವರು ಮಾತ್ರ ಆಟ ಕಲಿಸುವವನನ್ನು ಕೊಚಿ ಎನ್ನುವುದಿಲ್ಲ. ‘ಎಡ್ಜೋ’ ಎನ್ನುತ್ತಾರೆ, ಎಂದರೆ ಉಕ್ಕಿನಂತೆ ಹದಗೊಳಿಸುವವನು. ಇತ್ತೀಚೆಗೆ ಜೀವನದಲ್ಲಿಯೂ ಉದ್ಯೋಗದಲ್ಲಿಯೂ ಮಾರ್ಗದರ್ಶನ ಮಾಡುವವರಿಗೆ ಅಲ್ಲಿ ‘ಕೋಚ್’ ಎಂಬ ಇಂಗ್ಲಿಷ್ ಮಾತು ಬಳಕೆಗೆ ಬಂದಿದೆ. ಐದು ಶತಮಾನಗಳ ಹಿಂದೆ ಮನೆ ಬಿಟ್ಟು ಹೋದ ಮಗನು ಪರದೇಶದ ಉಡುಪಿನಲ್ಲಿ ಹಿಂತಿರುಗಿದ್ದಾನೆ. ಮನೆಯವರು ಅವನನ್ನು ಅತಿಥಿಯೆಂದೇ ಕರೆದು ಕೂರಿಸಿದ್ದಾರೆ. ಕೊಚ್ ಊರಿನ ಅನತಿದೂರದಲ್ಲಿ ವಿಯೆನ್ನಾಕ್ಕೆ ಹೋಗುವ ಹೊಸ ಹೆದ್ದಾರಿಯಿದೆ. ಅಲ್ಲಿ ಹಗಲಿರುಳೂ ಓಡುವ ವಾಹನಗಳನ್ನು ಕಂಡು ಊರವರು ಇಂದಿಗೂ ಹೇಳುವ ಮಾತು ಒಂದೇ: ಕೊಚಿ.